ಅಪ್‌ಡೇಟ್: ಶೂಟಿಂಗ್ ಮುಗೀತು, ಅಮ್ಮನಿಗೂ ಹೇಳಿದೆ

ಎರಡು ತಿಂಗಳ ಹಿಂದೆ ಕೇಳಿದ್ದೆ: ಪೋಲಿಯೋ ಆದ ಕಾಲು ನನ್ನದು, ಗಾಲಿಕುರ್ಚಿಯಲ್ಲೇ ಭರತನಾಟ್ಯದ ಒಂದು ಫಿಲ್ಮ್ ಮಾಡ್ತಿದ್ದೀನಿ. ನಾಯಕನ ಬದಲು ನಾಯಕಿಯನ್ನೇ ಕರೆದು ಅಭಿನಯಿಸಬಹುದಾ? ನಾನು ಪ್ರೀತಿಸೋದು ಹುಡುಗಿಯನ್ನ ಅಂತ ಅಮ್ಮನಿಗೆ ಹೇಗೆ ಹೇಳಲಿ?

ಮಾಡಿದೆ. "ಅರಮಂಡಿ ಇಲ್ಲದೆ ಎಂಥ ನಾಟ್ಯ" ಅಂದ ಗುರುಗಳೊಬ್ಬರ ಮಾತು ವರ್ಷಗಟ್ಟಲೆ ಕೊರೆದಿತ್ತು. ಅರಮಂಡಿ ಅಂದ್ರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತ ನಿಲುವು. ನಿಮ್ಮಲ್ಲೊಬ್ಬರು ನೆನಪಿಸಿದಿರಿ, ನಮ್ಮ ಮೈಸೂರು ಶೈಲಿಯ ಜೀವವೇ ಅಭಿನಯ ಅಂತ. ಜಟ್ಟಿ ತಾಯಮ್ಮನವರ ಶಿಷ್ಯೆ, 1992ರಲ್ಲಿ ಪದ್ಮಭೂಷಣ ಪಡೆದ ವೆಂಕಟಲಕ್ಷಮ್ಮನವರನ್ನು ಜನ ಇವತ್ತಿಗೂ ನೆನೆಯೋದು ಅದಕ್ಕೇ. ಆ ಮಾತನ್ನೇ ಗಟ್ಟಿಯಾಗಿ ಹಿಡಿದೆ.

ಕುಕ್ಕರಹಳ್ಳಿ ಕೆರೆ, ಬೆಳಗ್ಗೆ ಆರು ಗಂಟೆ. ರಾತ್ರಿ ಮಳೆ ಬಂದು ಗಾಲಿ ಕೆಸರಲ್ಲಿ ಹೂತುಕೊಂಡಿತು. ಎಳೆದೂ ಎಳೆದೂ ಅಂಗೈ ಕೆಂಪಾಯ್ತು, ಅರಳಿದ ಕಮಲದಂಥ ಅಲಪದ್ಮ ಮುದ್ರೆ ಹಿಡಿದಾಗ ಬೆರಳ ಸಂದಿಯಿಂದ ಕೆಸರು ಜಾರ್ತಿತ್ತು. ಕ್ಯಾಮೆರಾ ಹಿಡಿದಿದ್ದವಳು ನನ್ನವಳೇ, ಅವಳು ನಿಲ್ಲಿಸಲಿಲ್ಲ. ಇಡೀ ಫಿಲ್ಮಿನಲ್ಲಿ ನನಗೆ ಅತಿ ಇಷ್ಟವಾದ ಶಾಟ್ ಅದು.

ಅಮ್ಮನ ವಿಷಯ. 2018ರ ಸೆಪ್ಟೆಂಬರ್ 6ಕ್ಕೆ, ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟಿನ 377ನೇ ಸೆಕ್ಷನ್ ತೀರ್ಪು ಬಂದಾಗ ಟಿವಿ ಮುಂದೆ ಒಬ್ಬಳೇ ಅತ್ತಿದ್ದೆ. ಯಾಕೆ ಅಂತ ಅಮ್ಮ ಆಗ ಕೇಳಿರಲಿಲ್ಲ. ಈಗ ನಾನೇ ಹೇಳಿದೆ. ಮೂರು ದಿನ ಮಾತಿಲ್ಲ, ಊಟ ಮಾತ್ರ ಹೊತ್ತಿಗೆ ಸರಿಯಾಗಿ ತಟ್ಟೆಗೆ ಬರ್ತಿತ್ತು. ನಾಲ್ಕನೇ ದಿನ ನನ್ನ ಹಳೇ ಗೆಜ್ಜೆ ಬಿಚ್ಚಿ, ಮುಂಗೈಗೆ ಕಟ್ಟೋ ಹಾಗೆ ಕೆಂಪು ಪಟ್ಟಿಗೆ ಹೊಲಿದು ಕೊಟ್ಟರು. "ಆ ಹುಡುಗಿ ಊಟಕ್ಕೆ ಬರ್ತಾಳಾ?" ಅಂದರು.

ಭಾನುವಾರ ಬರ್ತಿದ್ದಾಳೆ.