ಸಹಾಯ ಬೇಕು: ಒಂದು ಅಡ್ಡಹೆಸರಿಗೆ ಕನ್ನಡ ಪದ

ನಮಸ್ಕಾರ. ಕರ್ಟ್ ವಾನೆಗಟ್ ಅವರ 1952ರ ಕಾದಂಬರಿ ‘ಪ್ಲೇಯರ್ ಪಿಯಾನೋ’ ಯಾರಾದರೂ ಓದಿದ್ದೀರಾ? ಭಾನುವಾರ ನಮ್ಮ ಓದುಬಳಗದಲ್ಲಿ ಅದರ ಬಗ್ಗೆ ಮಾತಾಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ರೂಡಿ ಹರ್ಟ್ಸ್ ಎಂಬ ಲೇತ್ ಕೆಲಸಗಾರನ ಕೈಚಳಕವನ್ನು ಟೇಪಿಗೆ ಇಳಿಸಿಕೊಂಡು, ಕೆಲಸವನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. ಪಾಪ, ಅವನಿಗೆ ಅದೇ ಹೆಮ್ಮೆ! ಬಾರಿನಲ್ಲಿ ಪಿಯಾನೋಗೆ ಕಾಸು ಹಾಕಿ, ತಾವಾಗಿಯೇ ಏಳುವ ಬೀಳುವ ಕೀಗಳನ್ನು ತೋರಿಸುತ್ತಾನೆ. ಇದನ್ನೆಲ್ಲ ಹೇಗೋ ಹೇಳಬಲ್ಲೆ. ಆದರೆ ಕೆಲಸ ಹೋದವರನ್ನು ಸರ್ಕಾರ ರಸ್ತೆಗುಂಡಿ ಮುಚ್ಚುವಂಥ ಕೆಲಸದ ಪಡೆಗೆ ಹಾಕುತ್ತದಲ್ಲ, ಜನ ಅದನ್ನು ‘ರೀಕ್ಸ್ ಅಂಡ್ ರೆಕ್ಸ್’ (ಅಂದರೆ ಹೆಚ್ಚುಕಡಿಮೆ ‘ನಾರುವವರು, ಹಾಳಾದವರು’) ಅಂತ ಆಡಿಕೊಳ್ಳುತ್ತಾರೆ. ಅಷ್ಟೇ ಕುಹಕ ಇರುವ, ನಾಲಿಗೆಗೆ ಸಲೀಸಾದ ಕನ್ನಡ ಹೆಸರು ಬೇಕು. ‘ಗುಂಡಿ ಗ್ಯಾಂಗ್’ ಅಂದುಕೊಂಡೆ, ಯಾಕೋ ಸಪ್ಪೆ ಅನ್ನಿಸಿತು. ನಿಮಗೇನಾದರೂ ಹೊಳೆಯುತ್ತದೆಯೇ?