ಬೀದರಿನ ಕೈಗವಚದ ಜೊತೆ: ಹಳೆಯದೋ, ನಂತರದ ನಕಲೋ?

ಪ್ರಶ್ನೆ (ಬೀದರ್): ಮಾನ್ಯರೇ, ಇಲ್ಲಿಯ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಮಣಿಕಟ್ಟಿನಿಂದ ಮೊಣಕೈಯವರೆಗೆ ಬರುವ ಒಂದು ಜೊತೆ ದಸ್ತಾನಾ, ಅಂದರೆ ಲೋಹದ ಕೈಗವಚ ತೋರಿಸಿ, ಅದು ಹಿಂದೆ ಬೀದರನ್ನು ಆಳಿದ ಬರೀದ್ ಶಾಹಿ ಮನೆತನದ ಕಾಲದ ಬಿದರಿ ಕೆಲಸವೆನ್ನುತ್ತಾರೆ. ಕಪ್ಪು ಮೈಮೇಲೆ ಬೆಳ್ಳಿಯ ಬಳ್ಳಿಗಳಿವೆ, ಒಳಗೆ ಕೆಂಪು ಮಖಮಲ್ಲಿನ ಅಸ್ತರಿದೆ, ಕೈಬೆರಳು ಮುಚ್ಚಲು ಸರಪಳಿ ಜಾಲವಿದೆ. ಜಾಲದ ಉಂಗುರಗಳಿಗೆ ರಿವೆಟ್ (ತುದಿಗಳನ್ನು ಬಿಗಿಯುವ ಸಣ್ಣ ಮೊಳೆ) ಇಲ್ಲದ್ದರಿಂದ ಇದು ನಕಲೇ ಎಂಬುದು ಗೆಳೆಯರೊಬ್ಬರ ವಾದ. ತುಕ್ಕಂತೂ ಬೇಕಾದಷ್ಟಿದೆ. ಯಾವುದನ್ನು ನಂಬಬೇಕು?

ಉತ್ತರ (ಕಲಬುರಗಿ): ಮೊದಲು ಆಯಸ್ಕಾಂತ ಹಿಡಿದು ನೋಡಿ. ಬಿದರಿಯ ಲೋಹವೆಂದರೆ ಬಹುಪಾಲು ಸತು, ಸ್ವಲ್ಪ ತಾಮ್ರ. ಅದಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಎರಕ ಹೊಯ್ದ ಆ ಲೋಹ ಪೆಟ್ಟಿಗೆ ಬಿರಿಯುವಂಥದ್ದಾದ್ದರಿಂದ ಹುಕ್ಕಾದ ಬುರುಡೆಗೂ ಪಾನ್‌ದಾನಿಗೂ ಒಗ್ಗಿತೇ ಹೊರತು ಕತ್ತಿಯ ಏಟು ತಡೆಯುವ ಕವಚಕ್ಕಲ್ಲ. ಅಂಟಿದರೆ ಅದು ಕಬ್ಬಿಣ ಇಲ್ಲವೇ ಉಕ್ಕು, ಮೇಲಿನ ಬೆಳ್ಳಿ ಕೊಫ್ತಗಿರಿ ಇರಬಹುದು. ಕೊಫ್ತಗಿರಿಯಲ್ಲಿ ಲೋಹದ ಮೈಯನ್ನು ಅಡ್ಡಡ್ಡ ಗೀರಿ ಒರಟು ಮಾಡಿ, ಅದರ ಮೇಲೆ ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಬೆಳ್ಳಿ ಉದುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಕೂದಲೆಳೆಯಷ್ಟು ಸಣ್ಣ ಗೀರುಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗಿರುವುದು ಕಾಣಬೇಕು; ಬರೀ ನುಣುಪು ಕಂಡರೆ ಲೇಪನವೆಂದು ಸಂಶಯಪಡಿ. ಆದರೆ ಈ ಕಸುಬು ಇಂದಿಗೂ ನಡೆದಿದೆ. ಗೀರು ಕಂಡ ಮಾತ್ರಕ್ಕೆ ವಯಸ್ಸು ಸಿದ್ಧವಾಗದು.

ರಿವೆಟ್ಟಿನ ವಾದ ಯುರೋಪಿನ ಕವಚಕ್ಕೆ ಹೊಂದುತ್ತದೆ. ನಮ್ಮ ದೇಶದಲ್ಲಿ 18 ಮತ್ತು 19ನೇ ಶತಮಾನದಲ್ಲಿ ತುದಿಗೆ ತುದಿ ಕೂಡಿಸಿದ ಉಂಗುರಗಳ ಜಾಲವೂ ಸಾಕಷ್ಟು ಬಳಕೆಯಲ್ಲಿತ್ತು, ಹಿತ್ತಾಳೆ ಉಂಗುರ ಬೆರೆಸಿ ಚೌಕುಳಿ ಚಿತ್ತಾರ ತೆಗೆಯುತ್ತಿದ್ದರು. ಹಾಗಾಗಿ 1619ರಲ್ಲಿ ಬಿಜಾಪುರದ ಪಾಲಾದ ಬರೀದ್ ಶಾಹಿಯ ಹೆಸರು ಇಲ್ಲಿ ಸಡಿಲವಾಗುತ್ತದೆಯೇ ಹೊರತು ವಸ್ತು ನಕಲಾಗುವುದಿಲ್ಲ. ತುಕ್ಕನ್ನು ಲೆಕ್ಕಕ್ಕೇ ಹಿಡಿಯಬೇಡಿ; ಆಮ್ಲ ಸವರಿದರೆ ಅದು ಕೆಲವೇ ದಿನಗಳಲ್ಲಿ ಬರುತ್ತದೆ.

ಪ್ರಶ್ನೆ ಕೇಳಿದವರು: ಆಯಸ್ಕಾಂತ ಅಂಟಿತು, ಗೀರುಗಳೂ ಕಂಡವು. ತಗಡಿನ ಅಂಚಿನ ದಪ್ಪ ಕ್ಯಾಲಿಪರಿನಲ್ಲಿ ಎಲ್ಲಿ ಅಳೆದರೂ ಒಂದೇ. ಬಲಗೈಯದರ ಕೀಲಿನ ಒಳಬದಿಯಲ್ಲಿ ವೆಲ್ಡಿಂಗಿನ ಗಂಟಿದೆ.

ಉತ್ತರ (ಕಲಬುರಗಿ): ಗಂಟು ಒಂದೇ ಕೈಯಲ್ಲಿದ್ದರೆ ದುರಸ್ತಿಯಿರಬಹುದು, ಎಡಗೈಯದರ ಅದೇ ಜಾಗವನ್ನು ನೋಡಿ. ನನಗೆ ಹೆಚ್ಚು ಕಾಡುವುದು ದಪ್ಪದ ವಿಷಯ. ಸುತ್ತಿಗೆಯಲ್ಲಿ ಬಡಿದು ಬಾಗಿಸಿದ ತಗಡು ಮೊಣಕೈಯ ಬಟ್ಟಲಿನ ಕಡೆಗೆ ತೆಳುವಾಗಿ ಅಲ್ಲಲ್ಲಿ ಏರುಪೇರಾಗಿರುತ್ತದೆ, ಕಾರ್ಖಾನೆಯ ತಗಡು ಹಾಗಿರುವುದಿಲ್ಲ. ಅಂಚಷ್ಟೇ ಅಲ್ಲದೆ ಅಸ್ತರು ಬಿಚ್ಚಿಕೊಂಡ ಕಡೆಯೂ ಒಳಮೈ ನೋಡಿ, ಹೊಲಿಗೆ ಮಾತ್ರ ಕೀಳಬೇಡಿ. ಅಲ್ಲಿಯೂ ಸುತ್ತಿಗೆಯ ಗುರುತಿಲ್ಲದಿದ್ದರೆ ನಾನಿದನ್ನು ಅಲಂಕಾರಕ್ಕೆಂದು ಮಾಡಿದ ಇತ್ತೀಚಿನ ವಸ್ತುವೆಂದೇ ಎಣಿಸಿ ಆ ಬೆಲೆಯನ್ನಷ್ಟೇ ಕೊಡುತ್ತೇನೆ.

ಇನ್ನು, 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಇಂಥ ವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು. ವಯಸ್ಸಿನ ಮಾತು ಬಂದಾಗ ಅದನ್ನು ತೋರಿಸಲು ಕೇಳಿ.