ಪೋಲೋ ಕ್ಯಾಟ್ ತೆಗೆಸೋ ವಿಚಾರ: ಸುಮಂತನಿಗೆ, ಅಕ್ಕನೂ ಕೇಳಲಿ

ಸುಮಂತಾ, ನಿನ್ನ ಮೆಸೇಜು ನೋಡ್ದೆ ಕಣೋ. 2021ರ ಪೋಲೋ ಕಾರು, ಒಂದು ಲೀಟರ್ ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್, 58,000 ಕಿಲೋಮೀಟರ್ ಓಡಿದೆ. ಚಾಮುಂಡಿ ಬೆಟ್ಟ ಹತ್ತುವಾಗ 3,000 ಆರ್‌ಪಿಎಂ ದಾಟಿದ ಮೇಲೆ ಮೊದಲಿನ ಎಳೆತ ಇಲ್ಲ. ಗ್ಯಾರೇಜಲ್ಲಿ "ಕ್ಯಾಟ್ ಕಿತ್ತು ಖಾಲಿ ಪೈಪ್ ಹಾಕ್ಸಿ, 20 ಎಚ್‌ಪಿ ಜಾಸ್ತಿ ಬರುತ್ತೆ" ಅಂದಿದ್ದಾರೆ, ಹಾಕಿಸ್ಲಾ ಮಾವ ಅಂತ ಕೇಳಿದ್ದೀಯ. ಅದರ ಕೆಳಗೆ ಅಕ್ಕ "ಪೊಲೀಸ್ನೋರು ಹಿಡಿದ್ರೆ?" ಅಂದಿದ್ದಾಳೆ. ಕ್ಯಾಟ್ ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್, ಎಂಜಿನ್ನಿಂದ ಬರೋ ವಿಷದ ಹೊಗೆನ ಶುದ್ಧ ಮಾಡೋ ಭಾಗ. ಅದನ್ನ ತೆಗೆಸ್ಬೇಡ ಕಣೋ. ಆದ್ರೆ ಬರೀ ಬೇಡ ಅಂದ್ರೆ ನಿನ್ನ ಗಾಡಿ ಎಳೆಯಲ್ವಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳ್ತೀನಿ, ಪೂರ್ತಿ ಕೇಳು.

ಮೊದಲು ಆ 20 ಎಚ್‌ಪಿ ಮಾತು. ನಿನ್ನ ಎಂಜಿನ್ ಕಂಪನಿಯಿಂದ ಬರೋದೇ 110 ಪಿಎಸ್, 175 ನ್ಯೂಟನ್ ಮೀಟರ್. ಹೊಗೆಯ ಒತ್ತಡದಲ್ಲಿ ತಿರುಗಿ ಎಂಜಿನ್ನಿಗೆ ಗಾಳಿ ತುಂಬೋದು ಟರ್ಬೊ. ಅದು ಎಷ್ಟು ಬೂಸ್ಟ್ (ಗಾಳಿಯ ಒತ್ತಡ) ಕೊಡ್ಬೇಕು ಅನ್ನೋದನ್ನ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಲೆಕ್ಕ ಹಾಕುತ್ತೆ, ಟರ್ಬೊಗೆ ಹೋಗೋ ಹೊಗೆನ ಪಕ್ಕಕ್ಕೆ ಬಿಡೋ ಬಾಗಿಲು, ಅಂದ್ರೆ ವೇಸ್ಟ್‌ಗೇಟನ್ನ ತೆರೆದು ಮುಚ್ಚಿ ಆ ಲೆಕ್ಕಕ್ಕೇ ಹಿಡಿದಿಡುತ್ತೆ. ನೀನು ಕ್ಯಾಟ್ ಕಿತ್ತು ಪೈಪ್ ಸಲೀಸು ಮಾಡಿದ್ರೆ ಇಸಿಯು ಏನ್ಮಾಡುತ್ತೆ ಹೇಳು? ವೇಸ್ಟ್‌ಗೇಟನ್ನ ಇನ್ನಷ್ಟು ತೆರೆದು ಬೂಸ್ಟನ್ನ ವಾಪಸ್ ಹಳೇ ಮಟ್ಟಕ್ಕೇ ತರುತ್ತೆ. ಟರ್ಬೊ ಸ್ವಲ್ಪ ಬೇಗ ಏಳುತ್ತೆ, ಸದ್ದು ಜೋರಾಗುತ್ತೆ, ಕಿವಿಗೆ ಪವರ್ ಬಂದ ಹಾಗೆ ಅನ್ನಿಸುತ್ತೆ. ಬೂಸ್ಟ್ ಹಿಡಿತಕ್ಕೆ ಸಿಗದೇ ಹೋದ್ರೆ ಓವರ್‌ಬೂಸ್ಟ್ ಅಂತ P0234 ಅನ್ನೋ ದೋಷದ ಕೋಡ್ ಬಂದು ಗಾಡಿ ಲಿಂಪ್ ಮೋಡಿಗೆ, ಅಂದ್ರೆ ಪವರ್ ತಾನೇ ತಗ್ಗಿಸ್ಕೊಳ್ಳೋ ಸ್ಥಿತಿಗೆ ಹೋಗುತ್ತೆ. ಡೀಕ್ಯಾಟ್ (ಕ್ಯಾಟ್ ತೆಗೆಯೋದು) ಜೊತೆ ರೀಮ್ಯಾಪ್ (ಇಸಿಯು ಲೆಕ್ಕ ಬದಲಿಸೋದು) ಮಾಡಿದೋರು ತೋರಿಸೋ ಡೈನೋ ಶೀಟಲ್ಲಿ, ಅಂದ್ರೆ ಪವರ್ ಅಳೆದ ಚೀಟೀಲಿ, ಏರಿರೋ ಪವರಲ್ಲಿ ಹೆಚ್ಚಿನ ಪಾಲು ರೀಮ್ಯಾಪಿಂದ ಬಂದಿರೋದು. ಟರ್ಬೊ ಇಲ್ಲದ 1.2 ಲೀಟರ್ ಗಾಡಿಗಳಲ್ಲಂತೂ ಕ್ಯಾಟ್ ತೆಗೆದ್ರೆ ಸಿಗೋದು ಒಂದೆರಡು ಎಚ್‌ಪಿ ಅಷ್ಟೆ.

ಇನ್ನೊಂದು, ನಿನ್ನ ಗಾಡೀಲಿ ಕ್ಯಾಟ್ ಕೆಳಗಡೆ ಪೈಪಿನ ಮಧ್ಯೆ ಸಿಗೋ ಡಬ್ಬಿ ಅಲ್ಲ. ಟರ್ಬೊ ಬಾಯಿಗೇ ಅಂಟಿಕೊಂಡಿದೆ, ಎಂಜಿನ್ ಬಿಸಿಗೆ ಬೇಗ ಕಾಯಲಿ ಅಂತ. 250ರಿಂದ 300 ಡಿಗ್ರಿ ಮುಟ್ಟಿದ ಮೇಲೇ ಅದು ಕೆಲಸ ಶುರು ಮಾಡೋದು. ಒಳಗಿರೋದು ಜೇನುಗೂಡಿನ ಥರ ಸೆರಾಮಿಕ್. ಒಂದು ಚದರ ಇಂಚಲ್ಲಿ 400ರಿಂದ 600 ತೂತು, ಗೋಡೆ ಕಾಗದದಷ್ಟು ತೆಳು, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸವರಿರ್ತಾರೆ. "ಲೇಬರ್ ಚಾರ್ಜೇ ಬೇಡ, ಹಳೇದನ್ನ ಇಲ್ಲೇ ಬಿಟ್ಟೋಗಿ" ಅಂತ ಯಾರಾದ್ರೂ ಅಂದ್ರೆ ಕಾರಣ ಆ ದುಬಾರಿ ಲೋಹ. ಗುಜರಾತ್, ಮಹಾರಾಷ್ಟ್ರದಲ್ಲಿ ಈಕೋ ವ್ಯಾನುಗಳ ಸೈಲೆನ್ಸರ್ ಕದ್ದಿದ್ದೂ ಅದಕ್ಕೇ. ತೆಗೆದ ಪಾರ್ಟ್ ಯಾವುದೇ ಆಗ್ಲಿ, ಕೇಳಿ ಮನೆಗೆ ತಗೊಂಡು ಬಾ.

ಈಗ ನಿಜವಾದ ವಿಷಯಕ್ಕೆ ಬಾ. ಮೊದಲು ಚೆನ್ನಾಗಿ ಎಳೀತಿದ್ದ ಗಾಡಿ ಈಗ ಎಳೀತಿಲ್ಲ ಅಂದ್ರೆ ಏನೋ ಕೆಟ್ಟಿದೆ. ಕ್ಯಾಟಿನ ತೂತು ಕಟ್ಟಿಕೊಂಡಿರಬಹುದು, ಅಥವಾ ಕ್ಯಾಟ್ ಚೆನ್ನಾಗೇ ಇದ್ದು ಸ್ಪಾರ್ಕ್ ಪ್ಲಗ್, ಅದಕ್ಕೆ ಕರೆಂಟ್ ಕೊಡೋ ಕಾಯಿಲ್, ಟರ್ಬೊ ಗಾಳಿ ಹೋಗೋ ಬೂಸ್ಟ್ ಪೈಪ್ ಇವುಗಳಲ್ಲಿ ತೊಂದರೆ ಇರಬಹುದು. ಪ್ಲಗ್ಗೇ ನೋಡು, ಬದಲಾಯಿಸೋದು 60,000 ಕಿಲೋಮೀಟರ್ ಆಸುಪಾಸಿಗೆ, ನಿಂದು ಹತ್ತಿರ ಬಂದಿದೆ. ಹಂಗಾಗಿ ಮೊದಲು ಸ್ಕ್ಯಾನ್ ಮಾಡ್ಸು, ಅಂದ್ರೆ ಇಸಿಯುನಲ್ಲಿರೋ ದೋಷದ ಕೋಡ್ ಓದಿಸು. P0300ರಿಂದ P0303ರೊಳಗೆ ಏನಾದ್ರೂ ಬಂದ್ರೆ ಮಿಸ್‌ಫೈರ್, ಅಂದ್ರೆ ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ. P0299 ಬಂದ್ರೆ ಬೂಸ್ಟ್ ಕಮ್ಮಿ, ಎಲ್ಲೋ ಹೋಸ್ ಕ್ಲಿಪ್ ಬಿಟ್ಟಿರುತ್ತೆ ಇಲ್ಲಾ ವೇಸ್ಟ್‌ಗೇಟ್ ಸರಿಯಾಗಿ ಮುಚ್ತಿಲ್ಲ. P0420 ಬಂದ್ರೆ ಮಾತ್ರ ಕ್ಯಾಟ್ ಕಡೆ ನೋಡು, ಅದೂ ಸೈಲೆನ್ಸರ್ ಪೈಪಲ್ಲಿ ಲೀಕ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡ ಮೇಲೆ. ಕ್ಯಾಟಿನ ಮುಂದೊಂದು, ಹಿಂದೊಂದು, ಹೊಗೆಯಲ್ಲಿರೋ ಆಕ್ಸಿಜನ್ ಅಳೆಯೋ ಸೆನ್ಸರ್ ಇರುತ್ತೆ. ಹಿಂದಿನ ಸೆನ್ಸರ್‌ಗಿಂತ ಮುಂಚೆ ಸಣ್ಣ ಲೀಕ್ ಇದ್ರೂ ಹೊರಗಿನ ಗಾಳಿ ಒಳಗೆ ಸೇರಿ ಅದೇ ಕೋಡ್ ಬರುತ್ತೆ.

ಸ್ಕ್ಯಾನರಲ್ಲಿ ಲೈವ್ ಡೇಟಾ ತೆಗೆಸು. ಗಾಡಿ ಪೂರ್ತಿ ಬಿಸಿ ಆಗಿರಲಿ, ಹದಿನೈದು ನಿಮಿಷ ಓಡಿಸಿದ ಮೇಲೆ. 2,500 ಆರ್‌ಪಿಎಂ ಹಿಡಿದಿಟ್ಟು ಕ್ಯಾಟ್ ಹಿಂದಿನ ಸೆನ್ಸರ್ ವೋಲ್ಟೇಜ್ ಗ್ರಾಫ್ ನೋಡು. 0.6, 0.7ರ ಹತ್ತಿರ ಹೆಚ್ಚುಕಮ್ಮಿ ನೇರವಾಗಿ ಎಳೆದ ಗೆರೆ ಥರ ಇದ್ರೆ ಕ್ಯಾಟ್ ಕೆಲಸ ಮಾಡ್ತಿದೆ. 0.1ಕ್ಕೂ 0.9ಕ್ಕೂ ಸೀರೆ ನೆರಿಗೆ ಹಾಗೆ ಮೇಲೆ ಕೆಳಗೆ ಹೊಡೀತಿದ್ರೆ ಅದರ ಶಕ್ತಿ ಹೋಗಿದೆ. ಮುಂದಿನ ಸೆನ್ಸರ್ ಜೊತೆ ಹೋಲಿಸೋಕೆ ಹೋಗ್ಬೇಡ, ನಿನ್ನ ಗಾಡೀಲಿ ಅದು ವೈಡ್‌ಬ್ಯಾಂಡ್ ಅನ್ನೋ ಬೇರೆ ಥರದ ಸೆನ್ಸರ್, ಲ್ಯಾಂಬ್ಡಾ (ಗಾಳಿ, ಪೆಟ್ರೋಲಿನ ಹದ) 1ರ ಆಸುಪಾಸು ತೋರಿಸ್ತಾ ಇರುತ್ತೆ.

ಇದರಲ್ಲಿ ಕ್ಯಾಟ್ ಶಕ್ತಿ ಗೊತ್ತಾಗುತ್ತೆ, ಕಟ್ಟಿದೆಯೋ ಇಲ್ವೋ ಗೊತ್ತಾಗಲ್ಲ. ಅದಕ್ಕೆ ಬ್ಯಾಕ್‌ಪ್ರೆಶರ್, ಅಂದ್ರೆ ಕ್ಯಾಟಿಗೆ ಮುಂಚೆ ಹೊಗೆ ತಡೆದು ನಿಂತು ಆಗೋ ಒತ್ತಡ ಅಳೀಬೇಕು. ಎಂಜಿನ್ ತಣ್ಣಗಿರುವಾಗ ಮುಂದಿನ ಸೆನ್ಸರ್ ಬುಡಕ್ಕೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡ್ಲಿ. ಆಮೇಲೆ ಪಕ್ಕದಲ್ಲಿ ಸೀಳಿರೋ 22 ಎಂಎಂ ಸಾಕೆಟ್ಟಲ್ಲೇ ಬಿಚ್ಚಬೇಕು, ಸಾದಾ ಸ್ಪ್ಯಾನರ್ ಜಾರಿದ್ರೆ ಸೆನ್ಸರ್ ಹೋಯ್ತು. ಆ ತೂತಿಗೆ ಎಂ18 ಅಡಾಪ್ಟರ್ ಹಾಕಿ, ಲೋಹದ ಟ್ಯೂಬಲ್ಲಿ ಕಮ್ಮಿ ರೇಂಜಿನ ಗೇಜ್ ಕೂರಿಸ್ಬೇಕು. ಬರೀ ರಬ್ಬರ್ ಹೋಸ್ ಕರಗುತ್ತೆ. ಐಡಲಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) 1.5 ಪಿಎಸ್‌ಐ ಒಳಗೆ, 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಒಳಗೆ ಇದ್ರೆ ಕ್ಯಾಟ್ ಸಲೀಸಾಗಿದೆ. ಆಕ್ಸಿಲರೇಟರ್ ಹಿಡಿದಿಟ್ಟಾಗ ಮುಳ್ಳು ನಿಧಾನಕ್ಕೆ ಏರ್ತಾನೇ ಹೋದ್ರೆ ಕಟ್ಟಿದೆ ಅಂತ ಅರ್ಥ. ವಾಪಸ್ ಹಾಕುವಾಗ ಆ್ಯಂಟಿ ಸೀಜ್ ಪೇಸ್ಟ್ ಥ್ರೆಡ್ಡಿಗೆ ಮಾತ್ರ ಹಚ್ಚಲಿ, ಸೆನ್ಸರ್ ತುದಿಗೆ ತಾಗಿದ್ರೆ ಅದು ಕೆಡುತ್ತೆ.

ಕಟ್ಟಿದ್ರೆ ಅದು ತಾನಾಗೇ ಕಟ್ಟಿದ್ದಲ್ಲ ಕಣೋ, ಇದನ್ನ ಮಾತ್ರ ಚೆನ್ನಾಗಿ ತಲೆಗೆ ಹಾಕ್ಕೋ. ಒಂದು ಸಿಲಿಂಡರ್ ಮಿಸ್ ಆದ್ರೆ ಸುಡದ ಪೆಟ್ರೋಲ್ ಹೋಗಿ ಕ್ಯಾಟ್ ಒಳಗೆ ಉರಿಯುತ್ತೆ, ಸೆರಾಮಿಕ್ ಕರಗುತ್ತೆ. ಬಿಚ್ಚಿ ಟಾರ್ಚ್ ಹಾಕಿದ್ರೆ ಸಣ್ಣ ಸಣ್ಣ ಚೌಕಗಳು ಕಾಣ್ಬೇಕಾದ ಜಾಗದಲ್ಲಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಹೊಳೀತಿರುತ್ತೆ. ಚೆಕ್ ಎಂಜಿನ್ ಲೈಟ್ ಸುಮ್ನೆ ಉರೀತಿದ್ರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಮಿಣಮಿಣ ಮಿಟುಕ್ತಾ ಇದ್ರೆ ಆ ಕ್ಷಣ ಕ್ಯಾಟ್ ಸುಡ್ತಿದೆ ಅಂತ, ಸೈಡಿಗೆ ಹಾಕಿ ನಿಲ್ಲಿಸ್ಬೇಕು. ಎಂಜಿನ್ ಆಯಿಲ್ ಸುಟ್ರೂ, ಕೂಲಂಟ್ ಒಳಗೆ ಸೇರಿದ್ರೂ ಅದರ ಮೇಲೆ ಪದರ ಕಟ್ಟುತ್ತೆ. ಆಯಿಲ್ ಮ್ಯಾನುಯಲ್ಲಲ್ಲಿ ಹೇಳಿರೋ ಗ್ರೇಡೇ ಹಾಕ್ಸು. ಮೂಲ ಕಾರಣ ಹಾಗೇ ಬಿಟ್ಟು ಹೊಸ ಕ್ಯಾಟ್ ಹಾಕಿದ್ರೆ ಅದೂ ಅಷ್ಟೇ ದಿನ.

ಖಾಲಿ ಪೈಪ್ ಹಾಕಿದೋರು ಹಿಂದಿನ ಸೆನ್ಸರ್‌ಗೆ ಸ್ಪೇಸರ್ (ಅದನ್ನ ಹೊಗೆಯಿಂದ ದೂರ ಇಡೋ ತುಂಡು) ಹಾಕಿ ಲೈಟ್ ಆರಿಸ್ತೀವಿ ಅಂತಾರೆ. ಲೈಟ್ ಆರಬಹುದು, ಹೊಗೆ ಆರಲ್ಲ. ಎಮಿಷನ್ ಟೆಸ್ಟಲ್ಲಿ ನಿನ್ನ ಗಾಡಿಗೆ ಐಡಲಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಪರ್ಸೆಂಟ್ ದಾಟಬಾರದು. ಕ್ಯಾಟ್ ಇಲ್ಲದ ಎಂಜಿನ್ ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಆಸುಪಾಸು ಬಿಡುತ್ತೆ.

ಅಕ್ಕಾ, ನಿನ್ನ ಪ್ರಶ್ನೆಗೆ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 182ಎ(4)ರಲ್ಲಿ ಅನುಮತಿ ಇಲ್ಲದ ಬದಲಾವಣೆ ಮಾಡಿದ ಓನರ್‌ಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. 190(2)ರಲ್ಲಿ ಹೊಗೆ, ಶಬ್ದದ ನಿಯಮ ಮುರಿದ್ರೆ 10,000ದವರೆಗೆ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಹೋಗುತ್ತೆ. ಅದಕ್ಕಿಂತ ನನಗೆ ಚಿಂತೆ ನಿಮ್ಮ ಪೋರ್ಟಿಕೋದು. ಅಪ್ಪಾಜಿ ರೂಮಿನ ಕಿಟಕಿ ಸರಿಯಾಗಿ ಅಲ್ಲಿಗೇ ತೆರೆಯುತ್ತೆ, ಇವನು ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಬಿಟ್ಟು ಒಳಗೆ ಕಾಫಿ ಕುಡೀತಿರ್ತಾನೆ. ಕಾರ್ಬನ್ ಮಾನಾಕ್ಸೈಡ್ ವಿಷದ ಗ್ಯಾಸು, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕ್ಯಾಟ್ ಇದ್ರೂ ಎಂಜಿನ್ ತಣ್ಣಗಿದ್ದಾಗ ಅದು ಕೆಲಸ ಮಾಡಲ್ಲ, ಹಂಗಾಗಿ ಸ್ಟಾರ್ಟ್ ಮಾಡಿದ ತಕ್ಷಣ ಹೊರಡೋ ಅಭ್ಯಾಸ ಇವತ್ತಿಂದಾನೇ ಮಾಡ್ಕೋ ಸುಮಂತಾ.

200 ಸೆಲ್ಲಿನ (ಚದರ ಇಂಚಿಗೆ 200 ತೂತಿರೋ) ಸ್ಪೋರ್ಟ್ಸ್ ಕ್ಯಾಟ್ ಹಾಕಿಸ್ಲಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಗೊತ್ತು. ಟ್ರ್ಯಾಕಿಗೆ ಟ್ರೇಲರಲ್ಲಿ ಹೋಗೋ ಗಾಡಿಗೆ ಸರಿ. ಮೈಸೂರಿಂದ ಬೆಂಗಳೂರಿಗೆ ಓಡೋ ಗಾಡಿಗೆ ಕಂಪನಿ ಕ್ಯಾಟೇ ಇರಲಿ.

ಶನಿವಾರ ಹೋಗಿ ಸ್ಕ್ಯಾನ್ ಮಾಡ್ಸು. ಮೂರೂ ಪ್ಲಗ್ ಬಿಚ್ಚಿಸಿ, ಯಾವ ಸಿಲಿಂಡರಿಂದು ಯಾವುದು ಅಂತ ಗೊತ್ತಾಗೋ ಹಾಗೆ ಸಾಲಾಗಿಟ್ಟು ಫೋಟೋ ತೆಗಿ. ಹಿಂದಿನ ಸೆನ್ಸರ್ ಗ್ರಾಫಿನ ಸ್ಕ್ರೀನ್‌ಶಾಟೂ ಬೇಕು. ಎರಡನ್ನೂ ಇಲ್ಲೇ ಗ್ರೂಪಿಗೆ ಹಾಕು, ನೋಡಿ ಬ್ಯಾಕ್‌ಪ್ರೆಶರ್ ಟೆಸ್ಟ್ ಬೇಕಾ ಬೇಡ್ವಾ ಹೇಳ್ತೀನಿ. ಅಲ್ಲಿವರೆಗೂ ಗ್ಯಾರೇಜಿಗೆ ಅಡ್ವಾನ್ಸ್ ಕೊಡ್ಬೇಡ.